ಸ್ವಂತ ಮೇಲ್ ಸರ್ವರ್: ಕಟ್ಟುವುದು ಹೇಗೆ, ಮೇಲ್ ಹೋಗದಿದ್ದರೆ ಎಲ್ಲಿ ಹುಡುಕಬೇಕು

ಮೇಲ್ ಸರ್ವರ್ ಕೈಕೊಟ್ಟರೆ ತುಂಬಾ ಜನ ಮೊದಲು ಸೆಟ್ಟಿಂಗ್‌ಗೆ ಕೈ ಹಾಕುತ್ತಾರೆ. ಎಲ್ಲೋ ಸಿಕ್ಕ ನಾಲ್ಕು ಸಾಲು ಹಾಕಿ ರೀಸ್ಟಾರ್ಟ್ ಮಾಡುತ್ತಾರೆ. ಸರಿಹೋಗಲಿಲ್ಲ ಅಂತ ಇನ್ನೆರಡು ಸಾಲು ಹಾಕುತ್ತಾರೆ. ಸಂಜೆ ಹೊತ್ತಿಗೆ ಮೊದಲೇ ಇದ್ದ ತೊಂದರೆ ಯಾವುದು, ಹೊಸದಾಗಿ ಸೇರಿಕೊಂಡದ್ದು ಯಾವುದು ಅನ್ನುವುದೇ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಒದ್ದಾಡಬೇಕಾಗಿಲ್ಲ. ಯಾವ ಮೇಲ್ ಯಾಕೆ ಹೋಗಲಿಲ್ಲ ಅಂತ ಸರ್ವರ್ ತನ್ನ ಲಾಗ್‌ನಲ್ಲಿ ಬರೆದಿಡುತ್ತದೆ. ಆ ಸಾಲನ್ನು ಓದುವುದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಸೆಟ್ಟಿಂಗ್ ಬದಲಾಯಿಸುವುದು ಅದರ ನಂತರ, ಅದೂ ಒಂದು ಸಲಕ್ಕೆ ಒಂದೇ.

ಈ ಮಾರ್ಗದರ್ಶಿ ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಹಾಕುವವರಿಗೆ. ಸಣ್ಣ ಆಫೀಸು, ಕಾಲೇಜು, ಸಹಕಾರ ಸಂಘದಂಥ ಕಡೆಗೆ ಈ ಜೋಡಿ ಧಾರಾಳವಾಗಿ ಸಾಕು. ಪೋಸ್ಟ್‌ಫಿಕ್ಸ್ ಅನ್ನು ವೀಟ್ಸೆ ವೆನೆಮಾ ಅವರು ಐಬಿಎಂನಲ್ಲಿದ್ದಾಗ ಬರೆದರು. 1998ರಿಂದ ಅದು ಎಲ್ಲರಿಗೂ ಸಿಗುತ್ತಿದೆ. ಮೇಲ್ ಕಳಿಸುವುದು, ಹೊರಗಿಂದ ಬಂದದ್ದನ್ನು ತೆಗೆದುಕೊಳ್ಳುವುದು ಅದರ ಕೆಲಸ. ಬಂದ ಮೇಲನ್ನು ಮೊಬೈಲಿಗೋ ಥಂಡರ್‌ಬರ್ಡ್‌ಗೋ ತೋರಿಸುವುದು, ಪಾಸ್‌ವರ್ಡ್ ಸರಿಯಿದೆಯಾ ಅಂತ ನೋಡುವುದು ಡವ್‌ಕಾಟ್ ಕೆಲಸ. ಈ ಎರಡರ ಗಡಿ ಎಲ್ಲಿದೆ ಅನ್ನುವುದು ನೆನಪಿರಲಿ. ಮುಂದೆ ತೊಂದರೆ ಹುಡುಕುವಾಗ ಬೇಕಾಗುತ್ತದೆ.

ಇನ್ನೊಂದು ವಿಷಯ. ಕಮಾಂಡ್, ಫೈಲ್, ಸೆಟ್ಟಿಂಗ್‌ಗಳ ಹೆಸರನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಉದಾಹರಣೆಗೆ ಡೊಮೈನ್ ಎಕ್ಸಾಂಪಲ್.ಕಾಮ್, ಸರ್ವರ್ ಹೆಸರು ಮೇಲ್.ಎಕ್ಸಾಂಪಲ್.ಕಾಮ್, ಐಪಿ 203.0.113.25 ಅಂತ ಇಟ್ಟುಕೊಳ್ಳೋಣ.

ಹಂತ 1: ಸರ್ವರ್ ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ

ಮನೆಯ ಅಥವಾ ಆಫೀಸಿನ ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ ಮೇಲ್ ಸರ್ವರ್ ಇಡಬೇಡಿ. ಅಂಥ ಐಪಿಗಳು ಬದಲಾಗುತ್ತಲೇ ಇರುತ್ತವೆ. ಜೊತೆಗೆ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿ ಅಂತ ಒಂದಿದೆ. ಹೊರಗಿನ ಸರ್ವರ್‌ಗಳಿಗೆ ನೇರವಾಗಿ ಮೇಲ್ ಕಳಿಸಬಾರದ ಐಪಿಗಳ ಪಟ್ಟಿ ಅದು. ಬ್ರಾಡ್‌ಬ್ಯಾಂಡ್ ಐಪಿಗಳು ಸಾಮಾನ್ಯವಾಗಿ ಅದರಲ್ಲಿರುತ್ತವೆ. ಅಲ್ಲಿಂದ ಎಷ್ಟೇ ಸರಿಯಾಗಿ ಸೆಟಪ್ ಮಾಡಿದರೂ ಮೇಲ್ ತಿರಸ್ಕಾರವಾಗುತ್ತದೆ.

ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಕೊಡುವ ಕಂಪನಿಗೆ ದುಡ್ಡು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ. ಹೊರಹೋಗುವ ಪೋರ್ಟ್ 25 ತೆರೆದಿದೆಯಾ? ರಿವರ್ಸ್ ಡಿಎನ್‌ಎಸ್, ಅಂದರೆ ಐಪಿಯಿಂದ ಹೆಸರು ತಿಳಿಸುವ ಪಿಟಿಆರ್ ದಾಖಲೆಯನ್ನು ನಾವು ಇಟ್ಟುಕೊಳ್ಳಬಹುದಾ? ಒಂದು ಸರ್ವರ್ ಇನ್ನೊಂದು ಸರ್ವರ್‌ಗೆ ಮೇಲ್ ಕೊಡುವುದು ಪೋರ್ಟ್ 25ರಲ್ಲೇ. ಅಮೆಜಾನ್ ಇಸಿ2, ಗೂಗಲ್ ಕ್ಲೌಡ್ ಎರಡರಲ್ಲೂ ಹೊರಗಿನ ವಿಳಾಸಗಳಿಗೆ ಹೋಗುವ ಪೋರ್ಟ್ 25 ಮೊದಲಿಂದಲೇ ಮುಚ್ಚಿರುತ್ತದೆ. ಎರಡರಲ್ಲಿ ಒಂದಕ್ಕೆ 'ಇಲ್ಲ' ಅಂದರೂ ಬೇರೆ ಕಡೆ ನೋಡುವುದೇ ಒಳ್ಳೆಯದು.

ಐಪಿ ಕೈಗೆ ಬಂದ ತಕ್ಷಣ ಸ್ಪ್ಯಾಮ್‌ಹೌಸ್ ತಾಣದಲ್ಲಿ ಅದನ್ನು ಹಾಕಿ ನೋಡಿ. ಹಿಂದೆ ಆ ಐಪಿ ಬಳಸಿದವರು ಸ್ಪ್ಯಾಮ್ ಕಳಿಸಿದ್ದರೆ ಕೆಟ್ಟ ಹೆಸರು ನಿಮ್ಮ ಪಾಲಿಗೆ ಬಂದಿರುತ್ತದೆ. ಆಗ ಬೇರೆ ಐಪಿ ಕೇಳಿ ಪಡೆಯಿರಿ.

ಹಂತ 2: ಡಿಎನ್‌ಎಸ್

ಡಿಎನ್‌ಎಸ್ ಅಂದರೆ ಹೆಸರಿಗೆ ಐಪಿ ಹುಡುಕಿಕೊಡುವ ಇಂಟರ್ನೆಟ್ ವ್ಯವಸ್ಥೆ. ಮೇಲ್ ಸರ್ವರ್ ತೊಂದರೆ ಅಂತ ಜನ ಕರೆಯುವ ಎಷ್ಟೋ ತೊಂದರೆಗಳು ನಿಜಕ್ಕೂ ಡಿಎನ್‌ಎಸ್ ತೊಂದರೆಗಳು. ಹಾಗಾಗಿ ಸಾಫ್ಟ್‌ವೇರ್ ಹಾಕುವ ಮೊದಲೇ ಇದನ್ನು ಮುಗಿಸಿಬಿಡಿ.

ಮೇಲ್.ಎಕ್ಸಾಂಪಲ್.ಕಾಮ್ ಹೆಸರಿಗೆ 203.0.113.25 ತೋರಿಸುವ ಎ ದಾಖಲೆ ಹಾಕಿ. ಎಕ್ಸಾಂಪಲ್.ಕಾಮ್‌ಗೆ ಎಂಎಕ್ಸ್ ದಾಖಲೆ (ಡೊಮೈನ್‌ನ ಮೇಲ್ ಯಾವ ಸರ್ವರ್‌ಗೆ ಅಂತ ಹೇಳುವುದು) ಹಾಕಿ, ಅದು ಮೇಲ್.ಎಕ್ಸಾಂಪಲ್.ಕಾಮ್ ಕಡೆ ತೋರಿಸಲಿ. ಎಂಎಕ್ಸ್‌ನಲ್ಲಿ ಹೆಸರು ಇರಬೇಕು, ಐಪಿ ಇರಬಾರದು. ಆ ಹೆಸರು ಸಿನೇಮ್ (ಇನ್ನೊಂದು ಹೆಸರಿಗೆ ತೋರಿಸುವ ದಾಖಲೆ) ಕೂಡ ಆಗಿರಬಾರದು.

ನಂತರ ಪಿಟಿಆರ್. ಇದನ್ನು ಡೊಮೈನ್ ಕೊಂಡ ಕಡೆಯಲ್ಲ, ಐಪಿ ಕೊಟ್ಟ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾಕಬೇಕು. 203.0.113.25 ಯಾರು ಅಂತ ಕೇಳಿದರೆ ಮೇಲ್.ಎಕ್ಸಾಂಪಲ್.ಕಾಮ್ ಅಂತ ಉತ್ತರ ಬರಬೇಕು, ಆ ಹೆಸರನ್ನು ಕೇಳಿದರೆ ಅದೇ ಐಪಿ ವಾಪಸ್ ಬರಬೇಕು. ಎರಡೂ ಕಡೆ ತಾಳೆಯಾಗದ ಸರ್ವರ್‌ನಿಂದ ಜಿಮೇಲ್ ಮೇಲ್ ತೆಗೆದುಕೊಳ್ಳಲು ಹಿಂಜರಿಯುತ್ತದೆ. ಡಿಗ್ ಕಮಾಂಡ್‌ಗೆ ಮೈನಸ್ ಎಕ್ಸ್ ಸೇರಿಸಿ ಐಪಿ ಕೊಟ್ಟರೆ ಪಿಟಿಆರ್ ಕಾಣುತ್ತದೆ.

ಇಲ್ಲೊಂದು ಬಲೆ ಇದೆ. ಸರ್ವರ್‌ಗೆ ಐಪಿವಿ6 ವಿಳಾಸ ಇದ್ದು ಅದಕ್ಕೆ ಪಿಟಿಆರ್ ಇಲ್ಲದಿದ್ದರೆ, ಕೆಲವು ಮೇಲ್ ಹೋಗುತ್ತವೆ, ಕೆಲವು ತಿರಸ್ಕಾರವಾಗುತ್ತವೆ. ಯಾವ ದಾರಿಯಲ್ಲಿ ಹೋಯಿತು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ಐಪಿವಿ6ಗೂ ಪಿಟಿಆರ್ ಹಾಕಿ. ಇಲ್ಲವಾದರೆ ಪೋಸ್ಟ್‌ಫಿಕ್ಸ್‌ನಲ್ಲಿ ಐನೆಟ್_ಪ್ರೋಟೋಕಾಲ್ಸ್ ಅನ್ನು ಐಪಿವಿ4 ಅಂತ ಮಾಡಿ. ಈ ಸೆಟ್ಟಿಂಗ್‌ಗೆ ಬರೀ ರೀಲೋಡ್ ಸಾಲದು. ಪೋಸ್ಟ್‌ಫಿಕ್ಸ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ಹಂತ 3: ಪೋಸ್ಟ್‌ಫಿಕ್ಸ್

ಮುಖ್ಯ ಫೈಲ್ ಇಟಿಸಿ ಫೋಲ್ಡರ್ ಒಳಗಿನ ಪೋಸ್ಟ್‌ಫಿಕ್ಸ್ ಫೋಲ್ಡರ್‌ನಲ್ಲಿರುವ ಮೇನ್.ಸಿಎಫ್. ಅದರಲ್ಲಿ ನೂರಾರು ಆಯ್ಕೆಗಳಿಗೆ ಜಾಗ ಇದೆ. ಸಣ್ಣ ಸರ್ವರ್‌ಗೆ ಬೇಕಾದವು ಕೆಲವೇ.

ಮೈಹೋಸ್ಟ್‌ನೇಮ್ ಅಂದರೆ ಮೇಲ್.ಎಕ್ಸಾಂಪಲ್.ಕಾಮ್, ಪಿಟಿಆರ್‌ನಲ್ಲಿ ಹಾಕಿದ ಹೆಸರೇ. ಮೈಡೆಸ್ಟಿನೇಷನ್‌ನಲ್ಲಿ ಎಕ್ಸಾಂಪಲ್.ಕಾಮ್, ಸರ್ವರ್‌ನ ಹೆಸರು, ಲೋಕಲ್‌ಹೋಸ್ಟ್ ಇರಲಿ. ಈ ಡೊಮೈನ್‌ಗಳ ಮೇಲ್ ಇಲ್ಲೇ ಇಳಿಯಬೇಕು ಅಂತ ಅದರ ಅರ್ಥ. ಡೊಮೈನ್ ಇಲ್ಲಿ ಬಿಟ್ಟುಹೋದರೆ, ಎಂಎಕ್ಸ್ ತನ್ನ ಕಡೆಗೇ ತೋರಿಸುವುದನ್ನು ನೋಡಿದ ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ 'ಮೇಲ್ ಫಾರ್ ಎಕ್ಸಾಂಪಲ್.ಕಾಮ್ ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್' ಅಂತ ಬರೆಯುತ್ತದೆ. ವರ್ಚುವಲ್ ಮೇಲ್‌ಬಾಕ್ಸ್ (ಲಿನಕ್ಸ್ ಖಾತೆ ಇಲ್ಲದವರ ಮೇಲ್‌ಬಾಕ್ಸ್) ಬಳಸುವವರು ಅದೇ ಡೊಮೈನ್ ಅನ್ನು ಮೈಡೆಸ್ಟಿನೇಷನ್‌ನಲ್ಲೂ ವರ್ಚುವಲ್ ಡೊಮೈನ್‌ಗಳ ಪಟ್ಟಿಯಲ್ಲೂ ಬರೆಯಬೇಡಿ.

ಮೈನೆಟ್‌ವರ್ಕ್ಸ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದರಲ್ಲಿರುವ ಐಪಿಗಳು ಪಾಸ್‌ವರ್ಡ್ ಇಲ್ಲದೆ ಯಾರಿಗೆ ಬೇಕಾದರೂ ಮೇಲ್ ಕಳಿಸಬಹುದು. 127.0.0.0/8 ಮತ್ತು ಅದರ ಐಪಿವಿ6 ರೂಪ ಬಿಟ್ಟು ಬೇರೇನೂ ಬೇಡ. ಮನೆಯಿಂದ ಕಳಿಸಲು ಆಗುತ್ತಿಲ್ಲ ಅಂತ ಯಾರೋ ದೂರು ಕೊಟ್ಟರು, ಅದಕ್ಕೆ ಇಲ್ಲಿ ದೊಡ್ಡ ರೇಂಜ್ ಸೇರಿಸಿದರು ಅಂದರೆ ಅದು ಓಪನ್ ರಿಲೇ (ಯಾರು ಬೇಕಾದರೂ ಮೇಲ್ ಕಳಿಸಲು ಬಳಸಬಹುದಾದ ಸರ್ವರ್) ಆಗುವ ದಾರಿ. ಸ್ಪ್ಯಾಮ್ ಕಳಿಸುವವರು ಅಂಥ ಸರ್ವರ್ ಹುಡುಕಲು ಇಂಟರ್ನೆಟ್ ಜಾಲಾಡುತ್ತಲೇ ಇರುತ್ತಾರೆ. ಅವರ ಕೈಗೆ ಸಿಕ್ಕ ಐಪಿ ಕಪ್ಪುಪಟ್ಟಿ ಸೇರಲು ಹೊತ್ತು ಬೇಕಿಲ್ಲ.

ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್‌ನಲ್ಲಿ ಮೂರು ಪದ, ಇದೇ ಅನುಕ್ರಮದಲ್ಲಿ ಇರಬೇಕು: ಪರ್ಮಿಟ್_ಮೈನೆಟ್‌ವರ್ಕ್ಸ್, ಪರ್ಮಿಟ್_ಸಾಸ್ಲ್_ಆಥೆಂಟಿಕೇಟೆಡ್, ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಷನ್. ನಮ್ಮ ಯಂತ್ರವಾದರೆ ಬಿಡು, ಪಾಸ್‌ವರ್ಡ್ ಕೊಟ್ಟವರಾದರೆ ಬಿಡು, ಉಳಿದವರು ನಮ್ಮ ಡೊಮೈನ್‌ಗೆ ಕಳಿಸಿದರೆ ಮಾತ್ರ ತೆಗೆದುಕೊ. ಇಷ್ಟೇ.

ಒಂದು ಮೇಲ್‌ನ ಗಾತ್ರಕ್ಕೆ ಮೊದಲಿಂದಲೇ ಇರುವ ಮಿತಿ 10240000 ಬೈಟ್. ಅಟ್ಯಾಚ್‌ಮೆಂಟ್ ಕಳಿಸುವಾಗ ಎನ್‌ಕೋಡ್ ಆಗಿ ಸುಮಾರು ಮೂರನೇ ಒಂದು ಭಾಗ ಉಬ್ಬುತ್ತದೆ. ಹಾಗಾಗಿ 8 ಎಂಬಿ ಪಿಡಿಎಫ್ ಕೂಡ ದಾಟುವುದಿಲ್ಲ. ಮೆಸೇಜ್_ಸೈಜ್_ಲಿಮಿಟ್ ಅನ್ನು 25 ಎಂಬಿ ಆಸುಪಾಸಿಗೆ ಏರಿಸಿ.

ಬದಲಾವಣೆ ಆದಮೇಲೆ ಪೋಸ್ಟ್‌ಫಿಕ್ಸ್ ಚೆಕ್ ಅಂತ ಓಡಿಸಿ. ಪೋಸ್ಟ್‌ಕಾನ್ಫ್ ಮೈನಸ್ ಎನ್ ಅಂದರೆ ನೀವು ಬದಲಿಸಿದ ಸೆಟ್ಟಿಂಗ್‌ಗಳಷ್ಟೇ ಕಾಣುತ್ತವೆ. ಅದರ ಔಟ್‌ಪುಟ್ ಅನ್ನು ತಾರೀಖು ಹಾಕಿ ಒಂದು ಫೈಲ್‌ನಲ್ಲಿ ಉಳಿಸಿಕೊಳ್ಳಿ. ನಾಳೆ ಏನೋ ಕೆಟ್ಟರೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಹಂತ 4: ಲಾಗಿನ್, ಸರ್ಟಿಫಿಕೇಟ್, ಡವ್‌ಕಾಟ್

ಬಳಕೆದಾರರು ಪೋರ್ಟ್ 25 ಮುಟ್ಟಬಾರದು. ಅವರಿಗೆ 465 ಅಥವಾ 587. ಮಾಸ್ಟರ್.ಸಿಎಫ್ ಫೈಲ್‌ನಲ್ಲಿ ಈ ಎರಡೂ ಸಾಲುಗಳು ಹ್ಯಾಶ್ ಹಾಕಿ ಮುಚ್ಚಿರುತ್ತವೆ, ತೆಗೆಯಿರಿ. ಮೇಲ್ ಓದಲು ಐಮ್ಯಾಪ್ ಪೋರ್ಟ್ 993. ಪೋರ್ಟ್ 25ರಲ್ಲಿ ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಅನ್ನು 'ಮೇ' ಅಂತಲೇ ಬಿಡಿ, ಕಡ್ಡಾಯ ಮಾಡಬೇಡಿ. ಮಾಡಿದರೆ ಟಿಎಲ್‌ಎಸ್ ಇಲ್ಲದ ಹಳೆಯ ಸರ್ವರ್‌ಗಳ ಮೇಲ್ ಬರುವುದಿಲ್ಲ. 587ರಲ್ಲಿ ಮಾತ್ರ ಕಡ್ಡಾಯ ಇರಲೇಬೇಕು.

ಸರ್ಟಿಫಿಕೇಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಸಾಕು. ಅದರ ಅವಧಿ ಕಡಿಮೆ, ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ತಾನೇ ನವೀಕರಿಸುತ್ತದೆ. ಆದರೆ ಹೊಸ ಫೈಲ್ ಬಂದದ್ದು ಡವ್‌ಕಾಟ್‌ಗೆ ತಿಳಿಯುವುದಿಲ್ಲ. ಅದು ಹಳೆಯದನ್ನೇ ಹಿಡಿದು ಕೂತಿರುತ್ತದೆ. ಒಂದು ದಿನ ಎಲ್ಲರ ಮೊಬೈಲ್‌ನಲ್ಲೂ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಬರುತ್ತದೆ, ಸರ್ವರ್‌ನಲ್ಲಿ ನೋಡಿದರೆ ಹೊಸ ಫೈಲ್ ಕಣ್ಣೆದುರೇ ಇರುತ್ತದೆ. ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡನ್ನೂ ರೀಲೋಡ್ ಮಾಡುವ ಸಾಲು ಸೇರಿಸಿ.

ಪಾಸ್‌ವರ್ಡ್ ಪರೀಕ್ಷೆಗೆ ಪೋಸ್ಟ್‌ಫಿಕ್ಸ್ ಡವ್‌ಕಾಟ್ ಅನ್ನು ಕೇಳುತ್ತದೆ. ಇಬ್ಬರ ಮಾತುಕತೆ ನಡೆಯುವುದು ಪೋಸ್ಟ್‌ಫಿಕ್ಸ್ ಸ್ಪೂಲ್ ಫೋಲ್ಡರ್ (ಮೇಲ್‌ಗಳು ಕಾಯುವ ಜಾಗ) ಒಳಗೆ ಪ್ರೈವೇಟ್/ಆಥ್ ಅನ್ನುವ ಸಾಕೆಟ್‌ನಲ್ಲಿ. ಅದರ ಮಾಲೀಕ ಪೋಸ್ಟ್‌ಫಿಕ್ಸ್, ಮೋಡ್ 0660. ಐಮ್ಯಾಪ್ ಲಾಗಿನ್ ಆಗುತ್ತದೆ, ಅದೇ ಪಾಸ್‌ವರ್ಡ್‌ನಲ್ಲಿ ಕಳಿಸಲು ಮಾತ್ರ ಆಗುವುದಿಲ್ಲ ಅಂದರೆ ಮೊದಲು ಈ ಸಾಕೆಟ್ ನೋಡಿ. ಪಾಸ್‌ವರ್ಡ್ ಮೇಲೇ ಅನುಮಾನ ಇದ್ದರೆ ಡವ್‌ಅಡ್ಮ್ ಆಥ್ ಟೆಸ್ಟ್ ಕಮಾಂಡ್ ಒಂದೇ ಸಲಕ್ಕೆ ಹೌದೋ ಅಲ್ಲವೋ ಹೇಳಿಬಿಡುತ್ತದೆ.

ಲಾಗ್‌ನಲ್ಲಿ ಮೇಲ್ ತಲುಪಿದೆ ಅಂತಿದೆ, ಇನ್‌ಬಾಕ್ಸ್ ಮಾತ್ರ ಖಾಲಿ. ಇದಕ್ಕೆ ಸಾಮಾನ್ಯ ಕಾರಣ, ಪೋಸ್ಟ್‌ಫಿಕ್ಸ್ ಮೇಲನ್ನು ಎಂಬಾಕ್ಸ್ ಫೈಲ್‌ಗೆ (ಎಲ್ಲ ಮೇಲ್ ಒಂದೇ ಫೈಲ್‌ನಲ್ಲಿ) ಹಾಕುತ್ತಿದೆ, ಡವ್‌ಕಾಟ್ ಮೇಲ್‌ಡಿರ್ ಫೋಲ್ಡರ್‌ನಲ್ಲಿ (ಒಂದೊಂದು ಮೇಲ್‌ಗೆ ಒಂದೊಂದು ಫೈಲ್) ಹುಡುಕುತ್ತಿದೆ. ಎಲ್‌ಎಂಟಿಪಿ ಮೂಲಕ ಮೇಲನ್ನು ಡವ್‌ಕಾಟ್ ಕೈಗೇ ಕೊಟ್ಟುಬಿಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ. ನಾನು ಯಾವಾಗಲೂ ಇದನ್ನೇ ಶಿಫಾರಸು ಮಾಡುತ್ತೇನೆ. ಹಳೆಯ ಲೇಖನಗಳಿಂದ ಕಾಪಿ ಮಾಡುವವರಿಗೆ ಒಂದು ಸೂಚನೆ: ಡವ್‌ಕಾಟ್ 2.4ರಲ್ಲಿ ಸೆಟ್ಟಿಂಗ್ ಬರೆಯುವ ರೀತಿಯೇ ಬದಲಾಗಿದೆ. ಡೆಬಿಯನ್ 13ರಲ್ಲಿ ಬರುವುದು ಅದೇ. 2.3ರ ಫೈಲ್ ತಂದು ಹಾಕಿದರೆ ಡವ್‌ಕಾಟ್ ಶುರುವಾಗುವುದಿಲ್ಲ.

ಹಂತ 5: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್

ಮೇಲ್ ಕಳಿಸುವವರ ವಿಳಾಸ ಎರಡು ಕಡೆ ಇರುತ್ತದೆ. ಅಂಚೆ ಕಾಗದದ ಹಾಗೆ, ಲಕೋಟೆ ಮೇಲೊಂದು, ಒಳಗಿನ ಪತ್ರದ ತಲೆಯಲ್ಲೊಂದು. ಓದುಗರ ಕಣ್ಣಿಗೆ ಬೀಳುವುದು ಒಳಗಿನದು. ಎರಡೂ ಒಂದೇ ಆಗಿರಬೇಕು ಅಂತ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದಲ್ಲಿ ಇಲ್ಲ. ಈ ಮೂರು ದಾಖಲೆಗಳು ಬೇಕಾದದ್ದೇ ಅದಕ್ಕೆ.

ಎಸ್‌ಪಿಎಫ್ ನೋಡುವುದು ಲಕೋಟೆಯ ವಿಳಾಸವನ್ನು. ನಮ್ಮ ಡೊಮೈನ್ ಹೆಸರಲ್ಲಿ ಯಾವ ಐಪಿಗಳು ಕಳಿಸಬಹುದು ಅಂತ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಹಾಕುತ್ತೇವೆ. ಸಣ್ಣ ಸರ್ವರ್‌ಗೆ 'ವಿ=ಎಸ್‌ಪಿಎಫ್1 ಎಂಎಕ್ಸ್ -ಆಲ್' ಅಷ್ಟೇ ಸಾಕು. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು. ಹೊಸ ಸೇವೆ ಸೇರಿಸುವಾಗ ಎರಡನೇ ದಾಖಲೆ ಹಾಕಿದರೆ ಎರಡೂ ಅಮಾನ್ಯವಾಗುತ್ತವೆ. ಇನ್‌ಕ್ಲೂಡ್‌ಗಳನ್ನು (ಬೇರೆ ಡೊಮೈನ್‌ನ ಎಸ್‌ಪಿಎಫ್ ಸೇರಿಸುವ ಪದ) ಪೇರಿಸುತ್ತಾ ಹೋಗುವುದೂ ಒಳ್ಳೆಯದಲ್ಲ. ಡಿಎನ್‌ಎಸ್ ವಿಚಾರಣೆ 10 ದಾಟಿದರೆ ದಾಖಲೆ ಕೆಲಸಕ್ಕೆ ಬರುವುದಿಲ್ಲ.

ಡಿಕಿಮ್ ಅಂದರೆ ಪ್ರತಿ ಮೇಲ್‌ಗೂ ಸರ್ವರ್ ಹಾಕುವ ಸಹಿ. ಓಪನ್‌ಡಿಕಿಮ್ ಹಾಕಿ, 2048 ಬಿಟ್ ಕೀ ಮಾಡಿಸಿ, ಅದರ ಸಾರ್ವಜನಿಕ ಭಾಗವನ್ನು ಡಿಎನ್‌ಎಸ್‌ಗೆ ಹಾಕಿ. ಡಿಎನ್‌ಎಸ್‌ನಲ್ಲಿ ಒಂದು ತುಂಡು ಪಠ್ಯ 255 ಅಕ್ಷರ ದಾಟುವಂತಿಲ್ಲ. ಈ ಕೀ ಅದಕ್ಕಿಂತ ಉದ್ದ. ಹಾಗಾಗಿ ಉದ್ಧರಣ ಚಿಹ್ನೆಯೊಳಗೆ ಎರಡು ತುಂಡಾಗಿ ಬರೆಯಬೇಕಾಗುತ್ತದೆ. ಕೆಲವು ಪ್ಯಾನೆಲ್‌ಗಳು ತಾವೇ ತುಂಡು ಮಾಡಿಕೊಳ್ಳುತ್ತವೆ. ಹಾಕಿದ ಮೇಲೆ ಓಪನ್‌ಡಿಕಿಮ್-ಟೆಸ್ಟ್‌ಕೀ ಓಡಿಸಿ. 'ಕೀ ನಾಟ್ ಸೆಕ್ಯೂರ್' ಅಂತ ಬಂದರೆ ಗಾಬರಿ ಬೇಡ. ನಿಮ್ಮ ಡೊಮೈನ್‌ಗೆ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ವ್ಯವಸ್ಥೆ) ಇಲ್ಲ ಅಂತಷ್ಟೇ ಅದರ ಅರ್ಥ. ಕೀ ಸರಿಯಾಗಿಯೇ ಇದೆ.

ಪೋಸ್ಟ್‌ಫಿಕ್ಸ್‌ಗೆ ಡಿಕಿಮ್ ಜೋಡಿಸುವಾಗ ಎಸ್‌ಎಂಟಿಪಿಡಿ_ಮಿಲ್ಟರ್ಸ್ ಜೊತೆ ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್ ಕೂಡ ತುಂಬಿ. ಅದೇ ಸರ್ವರ್‌ನಲ್ಲಿರುವ ವೆಬ್‌ಸೈಟ್ ಅಥವಾ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಕಳಿಸುವ ಮೇಲ್‌ಗೆ ಸಹಿ ಬೀಳುವುದು ಎರಡನೆಯದರಿಂದ. ಜನ ಕಳಿಸಿದ ಮೇಲ್ ಸರಿ, ವೆಬ್‌ಸೈಟ್‌ನ ರಸೀದಿಗಳು ಮಾತ್ರ ಸ್ಪ್ಯಾಮ್‌ಗೆ ಹೋಗುತ್ತವೆ ಅಂದರೆ ಇದು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

ಓದುಗರಿಗೆ ಕಾಣುವ ವಿಳಾಸದ ಡೊಮೈನ್, ಎಸ್‌ಪಿಎಫ್ ಅಥವಾ ಡಿಕಿಮ್ ಪಾಸಾದ ಡೊಮೈನ್ ಜೊತೆ ಹೊಂದುತ್ತದೆಯಾ ಅಂತ ಡಿಮಾರ್ಕ್ ನೋಡುತ್ತದೆ. ಎರಡರಲ್ಲಿ ಒಂದು ಹೊಂದಿದರೆ ಸಾಕು. ಮೊದಲು ಪಾಲಿಸಿ 'ನನ್' ಅಂತಿಟ್ಟು ವರದಿ ಬರುವ ವಿಳಾಸ ಕೊಡಿ. ಕೆಲವು ವಾರ ವರದಿ ನೋಡಿ. ನಿಮ್ಮ ಮೇಲ್ ಎಲ್ಲ ಪಾಸಾಗುತ್ತಿದ್ದರೆ 'ಕ್ವಾರಂಟೈನ್', ಆಮೇಲೆ 'ರಿಜೆಕ್ಟ್'. ಮೊದಲ ದಿನವೇ ರಿಜೆಕ್ಟ್ ಹಾಕಿದರೆ, ನಿಮಗೇ ಮರೆತುಹೋದ ಯಾವುದೋ ಸೇವೆಯಿಂದ ಹೋಗುವ ಮೇಲ್ ಸದ್ದಿಲ್ಲದೆ ಮಾಯವಾಗುತ್ತದೆ.

2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನೆಲ್ಲ ಬಿಗಿ ಮಾಡಿವೆ. ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು, ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು. ನೀವು ದಿನಕ್ಕೆ ಐವತ್ತೇ ಕಳಿಸಿದರೂ ಮೂರನ್ನೂ ಹಾಕಿ.

ಪರೀಕ್ಷೆಗೆ ಜಿಮೇಲ್ ಖಾತೆಯೊಂದಕ್ಕೆ ಕಳಿಸಿ, ಅಲ್ಲಿ 'ಶೋ ಒರಿಜಿನಲ್' ಒತ್ತಿ. ಮೂರರ ಮುಂದೆಯೂ ಪಾಸ್ ಅಂತ ಕಾಣಬೇಕು.

ಮೇಲ್ ಹೋಗುತ್ತಿಲ್ಲ: ಲಾಗ್ ಓದುವುದು

ಲಾಗ್ ಇರುವುದು ವಾರ್/ಲಾಗ್ ಫೋಲ್ಡರ್‌ನ ಮೇಲ್.ಲಾಗ್ ಫೈಲ್‌ನಲ್ಲಿ. ಡೆಬಿಯನ್ 12ರಿಂದ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ಮೊದಲಿಂದಲೇ ಇರುವುದಿಲ್ಲ, ಹಾಗಾಗಿ ಫೈಲ್ ಕಾಣದಿದ್ದರೆ ಜರ್ನಲ್‌ಸಿಟಿಎಲ್‌ನಲ್ಲಿ ನೋಡಿ, ಅಥವಾ ಆರ್‌ಸಿಸ್‌ಲಾಗ್ ಹಾಕಿಕೊಳ್ಳಿ.

ಪ್ರತಿ ಮೇಲ್‌ಗೂ ಒಂದು ಕ್ಯೂ ಐಡಿ (ಕಳಿಸುವ ಸಾಲಿನಲ್ಲಿ ಆ ಮೇಲ್‌ನ ಗುರುತು) ಇರುತ್ತದೆ. ಕಳಿಸಿದವರ ವಿಳಾಸ ಹುಡುಕಿ, ಐಡಿ ಹಿಡಿದುಕೊಳ್ಳಿ, ಆ ಐಡಿ ಇರುವ ಸಾಲುಗಳನ್ನೆಲ್ಲ ತೆಗೆಯಿರಿ. ಮೇಲ್ ಒಳಬಂದಲ್ಲಿಂದ ಹೊರಹೋದ ತನಕದ ಕಥೆ ಅಲ್ಲಿರುತ್ತದೆ. ಐಡಿಯೇ ಸಿಗಲಿಲ್ಲ ಅಂದರೆ ಮೇಲ್ ನಿಮ್ಮ ಸರ್ವರ್‌ನ ಕ್ಯೂ ಸೇರಿಯೇ ಇಲ್ಲ. ತೊಂದರೆ ಬಳಕೆದಾರರ ಕಡೆ ಅಥವಾ ಲಾಗಿನ್‌ನಲ್ಲಿದೆ.

ಕೊನೆಯ ಸಾಲಿನ ಸ್ಟೇಟಸ್ ನೋಡಿ. 'ಸೆಂಟ್' ಮತ್ತು 250 ಇದ್ದರೆ ಆಚೆಯ ಸರ್ವರ್ ಮೇಲ್ ತೆಗೆದುಕೊಂಡಿದೆ. ಇನ್ನೂ ಕಾಣುತ್ತಿಲ್ಲ ಅಂದರೆ ಅದು ಅವರ ಸ್ಪ್ಯಾಮ್ ಫೋಲ್ಡರ್‌ನಲ್ಲಿರಬಹುದು, ನಿಮ್ಮ ಸೆಟ್ಟಿಂಗ್ ಕೆದಕಬೇಡಿ. 'ಡಿಫರ್ಡ್' ಅಂದರೆ 4ರಿಂದ ಶುರುವಾಗುವ ತಾತ್ಕಾಲಿಕ ಉತ್ತರ. ಪೋಸ್ಟ್‌ಫಿಕ್ಸ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, 5 ದಿನದ ತನಕ. 'ಬೌನ್ಸ್ಡ್' ಅಂದರೆ 5ರಿಂದ ಶುರುವಾಗುವ ಖಚಿತ ನಿರಾಕರಣೆ. ಆಚೆಯವರು ಹೇಳಿದ ಕಾರಣ ಅದರ ಪಕ್ಕದ ಆವರಣದಲ್ಲೇ ಇರುತ್ತದೆ. ಅದನ್ನು ಪೂರ್ತಿ ಓದಿ.

ಮೇಲ್ ನಿಧಾನ ಅನ್ನುವ ದೂರಿಗೆ ಅದೇ ಸಾಲಿನ 'ಡಿಲೇಸ್' ನೋಡಿ. ಓರೆಗೆರೆಗಳ ನಡುವೆ ನಾಲ್ಕು ಸಂಖ್ಯೆ ಇರುತ್ತವೆ. ಒಳಬರಲು ಹಿಡಿದ ಸಮಯ, ಕ್ಯೂನಲ್ಲಿ ಕಾದ ಸಮಯ, ಡಿಎನ್‌ಎಸ್ ಸೇರಿ ಸಂಪರ್ಕಕ್ಕೆ ಹಿಡಿದ ಸಮಯ, ಮೇಲ್ ದಾಟಿಸಲು ಹಿಡಿದ ಸಮಯ. ಯಾವುದು ದೊಡ್ಡದೋ ಅಲ್ಲಿ ಹುಡುಕಿ. ಮೂರನೆಯದು ದೊಡ್ಡದಿದ್ದರೆ ಡಿಸ್ಕ್ ಪರೀಕ್ಷೆ ಮಾಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಕ್ಯೂ ನೋಡಲು ಪೋಸ್ಟ್‌ಕ್ಯೂ ಮೈನಸ್ ಪಿ. ಒಂದು ಮೇಲ್‌ನ ಒಳಗೆ ಇಣುಕಲು ಪೋಸ್ಟ್‌ಕ್ಯಾಟ್ ಮೈನಸ್ ಕ್ಯೂ. ಕಾರಣ ಸರಿಮಾಡಿದ ಮೇಲಷ್ಟೇ ಪೋಸ್ಟ್‌ಕ್ಯೂ ಮೈನಸ್ ಎಫ್ ಒತ್ತಿ ಎಲ್ಲವನ್ನೂ ಮತ್ತೆ ಕಳಿಸಿ. ಸರಿಮಾಡದೆ ಸುಮ್ನೆ ಒತ್ತುತ್ತಾ ಹೋದರೆ ಆಚೆಯ ಸರ್ವರ್‌ಗಳು ನಿಮ್ಮನ್ನು ಇನ್ನಷ್ಟು ದೂರ ಇಡುತ್ತವೆ.

ಮತ್ತೆ ಮತ್ತೆ ಕಾಣುವ ಸಾಲುಗಳು

ಎಲ್ಲ ವಿಳಾಸಕ್ಕೂ 'ಕನೆಕ್ಷನ್ ಟೈಮ್ಡ್ ಔಟ್' ಬಂದರೆ ಹೊರಹೋಗುವ ಪೋರ್ಟ್ 25 ಮುಚ್ಚಿದೆ. ಒಂದೇ ಡೊಮೈನ್‌ಗೆ ಬಂದರೆ ತೊಂದರೆ ಅವರದು. ಪೋರ್ಟ್ ತೆರೆಸಲು ಆಗದಿದ್ದರೆ ರಿಲೇಹೋಸ್ಟ್ ಸೆಟ್ಟಿಂಗ್‌ನಲ್ಲಿ ಮೇಲ್ ಕಳಿಸುವ ಸೇವೆಯೊಂದರ 587 ಪೋರ್ಟ್ ಕೊಡಿ.

'ರಿಲೇ ಆಕ್ಸೆಸ್ ಡಿನೈಡ್' ಅಂದರೆ ಬಳಕೆದಾರರು ಲಾಗಿನ್ ಆಗದೆ ಕಳಿಸುತ್ತಿದ್ದಾರೆ. ಬಹುಮಟ್ಟಿಗೆ ಮೊಬೈಲ್‌ನಲ್ಲಿ ಪೋರ್ಟ್ 25 ಹಾಕಿರುತ್ತಾರೆ. ಸರ್ವರ್ ಸರಿಯಾಗಿಯೇ ಇದೆ, ಮೈನೆಟ್‌ವರ್ಕ್ಸ್ ಮುಟ್ಟಬೇಡಿ.

'ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್' ಬರುತ್ತದೆ, ಆದರೆ ಡಿಗ್‌ನಲ್ಲಿ ಎಲ್ಲವೂ ಸಿಗುತ್ತದೆ. ಇದು ಡೆಬಿಯನ್‌ನಲ್ಲಿ ಕಾಣುವ ತೊಂದರೆ. ಅಲ್ಲಿ ಪೋಸ್ಟ್‌ಫಿಕ್ಸ್‌ನ ಭಾಗಗಳು ಕ್ರೂಟ್ (ಒಂದೇ ಫೋಲ್ಡರ್ ಕಾಣುವ ಆವರಣ) ಒಳಗೆ ಓಡಬಹುದು. ಆಗ ಅವು ಓದುವುದು ಸ್ಪೂಲ್ ಫೋಲ್ಡರ್‌ನಲ್ಲಿರುವ ರಿಸಾಲ್ವ್.ಕಾನ್ಫ್ (ಡಿಎನ್‌ಎಸ್ ಸರ್ವರ್ ಯಾವುದು ಅಂತ ಹೇಳುವ ಫೈಲ್) ನಕಲನ್ನು. ನೀವು ಡಿಎನ್‌ಎಸ್ ಬದಲಿಸಿದ್ದು ಮೂಲ ಫೈಲ್‌ನಲ್ಲಿ. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದರೆ ನಕಲು ಹೊಸದಾಗುತ್ತದೆ.

ಹೊರಗಿಂದ ಬರುವ ಎಲ್ಲ ಮೇಲ್ ಇದ್ದಕ್ಕಿದ್ದಂತೆ ಸ್ಪ್ಯಾಮ್‌ಹೌಸ್ ಹೆಸರಲ್ಲಿ ತಿರಸ್ಕಾರ ಆಗುತ್ತಿದ್ದರೆ, ನಿಮ್ಮ ಸರ್ವರ್ ಡಿಎನ್‌ಎಸ್‌ಗೆ 8.8.8.8ರಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಬಳಸುತ್ತಿದೆಯಾ ನೋಡಿ. ಅಂಥ ಕಡೆಯಿಂದ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಅಂತ ಉತ್ತರ ಕೊಡುತ್ತದೆ. ಅದು 'ಹೀಗೆ ಕೇಳಬೇಡಿ' ಅನ್ನುವ ಸೂಚನೆ. ಪೋಸ್ಟ್‌ಫಿಕ್ಸ್ ಅದನ್ನು 'ಈ ಐಪಿ ಪಟ್ಟಿಯಲ್ಲಿದೆ' ಅಂತ ತಿಳಿದುಕೊಳ್ಳುತ್ತದೆ. ಸರ್ವರ್‌ನಲ್ಲೇ ಅನ್‌ಬೌಂಡ್ ಹಾಕಿ, ಅದನ್ನೇ ರಿಸಾಲ್ವರ್ ಮಾಡಿಕೊಳ್ಳಿ.

ಕ್ಯೂನಲ್ಲಿ ಗುರುತಿಲ್ಲದ ವಿಳಾಸಗಳಿಗೆ ಸಾವಿರಾರು ಮೇಲ್ ಕಂಡರೆ ಯಾರದೋ ಪಾಸ್‌ವರ್ಡ್ ಕಳವಾಗಿದೆ. ಇಲ್ಲಿ ಅನುಕ್ರಮ ಮುಖ್ಯ. ಮೊದಲು ಪೋಸ್ಟ್‌ಸೂಪರ್ ಮೈನಸ್ ಎಚ್ ಆಲ್ ಕೊಟ್ಟು ಎಲ್ಲವನ್ನೂ ತಡೆಹಿಡಿಯಿರಿ. ಲಾಗ್‌ನಲ್ಲಿ ಸಾಸ್ಲ್_ಯೂಸರ್‌ನೇಮ್ ಹುಡುಕಿದರೆ ಯಾವ ಖಾತೆ ಅಂತ ಗೊತ್ತಾಗುತ್ತದೆ. ಅದರ ಪಾಸ್‌ವರ್ಡ್ ಬದಲಿಸಿ, ಡವ್‌ಕಾಟ್ ರೀಸ್ಟಾರ್ಟ್ ಮಾಡಿ. ಆಮೇಲೆ ಆ ಖಾತೆಯ ಮೇಲ್‌ಗಳನ್ನಷ್ಟೇ ಅಳಿಸಿ, ತಡೆಹಿಡಿದ ಉಳಿದದ್ದನ್ನು ಹೋಗಲು ಬಿಡಿ. ಕಪ್ಪುಪಟ್ಟಿಯಿಂದ ತೆಗೆಯಿರಿ ಅಂತ ಕೇಳುವುದು ಕೊನೆಗೆ. ಮೂಲ ಸರಿಯಾಗದೆ ಕೇಳಿದರೆ ಮತ್ತೆ ಸೇರಿಸುತ್ತಾರೆ.

ಕನ್ನಡದ ಮೇಲ್‌ಗೆ ಬರುವ ತೊಂದರೆ

ವೆಬ್‌ಸೈಟ್‌ನಿಂದ ಹೋಗುವ ಮೇಲ್‌ನ ವಿಷಯದ ಸಾಲು ಕನ್ನಡದಲ್ಲಿದ್ದರೆ, ಕೆಲವು ಸರ್ವರ್‌ಗಳಿಗೆ ಹೋಗದೆ 'ಎಸ್‌ಎಂಟಿಪಿಯುಟಿಎಫ್8 ಈಸ್ ರಿಕ್ವೈರ್ಡ್, ಬಟ್ ವಾಸ್ ನಾಟ್ ಆಫರ್ಡ್' ಅಂತ ವಾಪಸ್ ಬರುವುದುಂಟು. ಇದರಿಂದ ಬೇಸತ್ತು ವಿಷಯದ ಸಾಲನ್ನು ಇಂಗ್ಲಿಷ್‌ಗೆ ಬದಲಾಯಿಸಬೇಡಿ. ತಪ್ಪು ಕನ್ನಡದ್ದಲ್ಲ. ಪ್ರೋಗ್ರಾಂ ಕನ್ನಡ ಅಕ್ಷರಗಳನ್ನು ಹಾಗೇ ಹೆಡರ್‌ನಲ್ಲಿ ತುಂಬಿದೆ, ಮೈಮ್ ಎನ್‌ಕೋಡ್ (ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಪರಿವರ್ತನೆ) ಮಾಡಿಲ್ಲ. ಪಿಎಚ್‌ಪಿಯಲ್ಲಿ ಎಂಬಿ_ಎನ್‌ಕೋಡ್_ಮೈಮ್‌ಹೆಡರ್ ಫಂಕ್ಷನ್ ಬಳಸಿದರೆ ಅದೇ ಕನ್ನಡ ಸಾಲು ಯಾವ ಹಳೆಯ ಸರ್ವರ್‌ಗೂ ಹೋಗುತ್ತದೆ.

ವಿಳಾಸವೇ ಕನ್ನಡದಲ್ಲಿರುವುದು ಬೇರೆ ಮಾತು. .ಭಾರತ ಡೊಮೈನ್ ಕನ್ನಡ ಲಿಪಿಯಲ್ಲೂ ಇದೆ. ಪೋಸ್ಟ್‌ಫಿಕ್ಸ್ 3.0ರಿಂದ, ಅಂದರೆ 2015ರಿಂದ, ಇಂಥ ವಿಳಾಸಗಳಿಗೆ ಬೆಂಬಲ ಇದೆ. ಜಿಮೇಲ್ ಅವುಗಳ ಜೊತೆ ಮೇಲ್ ವಿನಿಮಯ ಮಾಡಲು 2014ರಲ್ಲೇ ಶುರು ಮಾಡಿತು. ಡೊಮೈನ್ ಮಾತ್ರ ಕನ್ನಡದಲ್ಲಿದ್ದು ಅಟ್ ಚಿಹ್ನೆಯ ಹಿಂದಿನ ಹೆಸರು ಇಂಗ್ಲಿಷ್‌ನಲ್ಲಿದ್ದರೆ, ಡೊಮೈನ್‌ನ ಪ್ಯುನಿಕೋಡ್ (ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದ) ರೂಪದಲ್ಲಿ ಯಾವ ಸರ್ವರ್ ಜೊತೆಗೂ ವ್ಯವಹರಿಸಬಹುದು. ಹೆಸರೂ ಕನ್ನಡದಲ್ಲಿ ಬೇಕು ಅಂದರೆ ದಾರಿಯಲ್ಲಿರುವ ಎಲ್ಲ ಸರ್ವರ್‌ಗಳೂ ಎಸ್‌ಎಂಟಿಪಿಯುಟಿಎಫ್8 (ಇಂಗ್ಲಿಷ್ ಅಲ್ಲದ ಅಕ್ಷರಗಳಿಗೆ ಬೆಂಬಲ) ಒಪ್ಪಬೇಕು. ಸದ್ಯಕ್ಕೆ ಅಂಥ ಖಾತೆಗೆ ಒಂದು ಇಂಗ್ಲಿಷ್ ಅಡ್ಡಹೆಸರನ್ನೂ ಏಲಿಯಸ್ ಆಗಿ ಕೊಟ್ಟಿಡಿ.

ಸರ್ವರ್ ಪೂರ್ತಿ ನಿಂತುಹೋದರೆ

ಗಾಬರಿಯಲ್ಲಿ ಎಂಎಕ್ಸ್ ಬದಲಿಸಬೇಡಿ. ನಿಮಗೆ ಕಳಿಸಿದವರ ಸರ್ವರ್‌ಗಳು ಆ ಮೇಲನ್ನು ತಮ್ಮ ಕ್ಯೂನಲ್ಲಿಟ್ಟುಕೊಂಡು ಸಾಮಾನ್ಯವಾಗಿ 4-5 ದಿನ ಪ್ರಯತ್ನಿಸುತ್ತವೆ. ಒಂದು ರಾತ್ರಿ ನಿಂತರೆ ಮೇಲ್ ಕಳೆದುಹೋಗುವುದಿಲ್ಲ, ತಡವಾಗುತ್ತದೆ ಅಷ್ಟೇ. ಮೊದಲು ಡಿಎಫ್ ಕಮಾಂಡ್‌ನಲ್ಲಿ ಡಿಸ್ಕ್ ನೋಡಿ. ಜಾಗ ತುಂಬಿದರೆ ಪೋಸ್ಟ್‌ಫಿಕ್ಸ್ 452 ಉತ್ತರ ಕೊಟ್ಟು ಹೊಸ ಮೇಲ್ ನಿಲ್ಲಿಸುತ್ತದೆ. ಹಳೆಯ ಲಾಗ್ ತೆಗೆದು ಜಾಗ ಮಾಡಿದರೆ ಬಾಕಿ ಮೇಲ್ ತಾನಾಗಿ ಬರತೊಡಗುತ್ತದೆ.

ಸರ್ವರ್ ಹೊಸದಾಗಿ ಕಟ್ಟಲೇಬೇಕಾದರೆ ಬೇಕಾಗುವುದು ಇಟಿಸಿ ಒಳಗಿನ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಫೋಲ್ಡರ್‌ಗಳು, ಡಿಕಿಮ್‌ನ ಖಾಸಗಿ ಕೀ, ಬಳಕೆದಾರರ ಪಟ್ಟಿ, ಮೇಲ್‌ಬಾಕ್ಸ್‌ಗಳು. ಇವನ್ನು ದಿನವೂ ಬೇರೆ ಯಂತ್ರಕ್ಕೆ ಬ್ಯಾಕಪ್ ಮಾಡಿ. ತಿಂಗಳಿಗೊಮ್ಮೆ ಒಂದು ಮೇಲ್‌ಬಾಕ್ಸ್ ಅನ್ನು ಆ ಬ್ಯಾಕಪ್‌ನಿಂದ ತೆಗೆದು, ಬೇರೆ ಯಂತ್ರದಲ್ಲಿ ಡವ್‌ಕಾಟ್ ಹಾಕಿ, ಮೇಲ್‌ಗಳು ತೆರೆಯುತ್ತವೆಯಾ ಅಂತ ನೋಡಿ.